ವರಮಾನ ಇಳಿದಿದೆ, ಲಾಭ ಇಳಿದಿದೆ, ಪ್ರತಿ ಷೇರಿನ ಗಳಿಕೆ ಮಾತ್ರ ದಾಖಲೆ: ಆಪಲ್‌ನ ಈ ತ್ರೈಮಾಸಿಕ ಫಲಿತಾಂಶವನ್ನು ಹೇಗೆ ಓದಬೇಕು?

ಪ್ರಶ್ನೆ

ಕಂಪನಿಗಳ ತ್ರೈಮಾಸಿಕ ಫಲಿತಾಂಶವನ್ನು ಸ್ವತಃ ಓದಿ ಅರ್ಥಮಾಡಿಕೊಳ್ಳುವುದನ್ನು ಕಲಿಯಬೇಕೆಂದು, ಆಪಲ್ ಕಂಪನಿಯು 2024ರ ಮೇ 2ರಂದು ಪ್ರಕಟಿಸಿದ ಲೆಕ್ಕವನ್ನು ಒಂದು ವಾರದಿಂದ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಆ ವರ್ಷದ ಮಾರ್ಚ್ 30ಕ್ಕೆ ಮುಗಿದ ಮೂರು ತಿಂಗಳ ಲೆಕ್ಕ ಅದು. ವರಮಾನ 9,075 ಕೋಟಿ ಡಾಲರ್. ಹಿಂದಿನ ವರ್ಷದ ಇದೇ ಅವಧಿಯಲ್ಲಿ 9,484 ಕೋಟಿ ಡಾಲರ್ ಇದ್ದುದರಿಂದ ಶೇ 4ರಷ್ಟು ಇಳಿಕೆ. ನಿವ್ವಳ ಲಾಭವೂ 2,416 ಕೋಟಿ ಡಾಲರ್‌ನಿಂದ 2,364 ಕೋಟಿಗೆ ಇಳಿದಿದೆ. ಐಫೋನ್‌ನಿಂದ ಬಂದ ವರಮಾನವಂತೂ 5,133 ಕೋಟಿಯಿಂದ 4,596 ಕೋಟಿಗೆ, ಅಂದರೆ ಶೇ 10ರಷ್ಟು ಕುಸಿದಿದೆ.

ಇಷ್ಟನ್ನು ಓದಿದ ಮೇಲೆ ಇದು ಕೆಟ್ಟ ತ್ರೈಮಾಸಿಕವೆಂದು ನಾನು ತೀರ್ಮಾನಿಸಿದ್ದೆ. ಆದರೆ ಅದೇ ಪ್ರಕಟಣೆಯಲ್ಲಿ ಪ್ರತಿ ಷೇರಿನ ಗಳಿಕೆ 1.53 ಡಾಲರ್ ಎಂದೂ, ಮಾರ್ಚ್ ತ್ರೈಮಾಸಿಕದ ಮಟ್ಟಿಗೆ ಅದು ದಾಖಲೆಯೆಂದೂ ಬರೆದಿದೆ. ಹಿಂದಿನ ವರ್ಷ ಅದು 1.52 ಡಾಲರ್ ಇತ್ತು. ಮರುದಿನ ಷೇರಿನ ಬೆಲೆ ಸುಮಾರು ಶೇ 6ರಷ್ಟು ಏರಿತು.

ಲಾಭ ಕಡಿಮೆಯಾದಾಗ ಪ್ರತಿ ಷೇರಿನ ಗಳಿಕೆ ಹೆಚ್ಚಾಗುವುದು ಹೇಗೆ? ಶೇ 10ರಷ್ಟು ಇಳಿಕೆಯೆಂದರೆ ಜನರು ಶೇ 10ರಷ್ಟು ಕಡಿಮೆ ಫೋನ್ ಕೊಂಡರೆಂದು ತಿಳಿಯಬಹುದೇ? ಕೊನೆಯದಾಗಿ, ಇದನ್ನೆಲ್ಲ ನೋಡಿಯೂ ಮಾರುಕಟ್ಟೆ ಸಂತೋಷಪಟ್ಟದ್ದು ಏಕೆ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಾನು ಲೆಕ್ಕಪರಿಶೋಧನೆಯ ಕೆಲಸದಲ್ಲಿರುವವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಭಾಗಾಕಾರದಲ್ಲೇ ಇದೆ. ಪ್ರತಿ ಷೇರಿನ ಗಳಿಕೆಯೆಂದರೆ ನಿವ್ವಳ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದ್ದು. ಆಪಲ್ ತನ್ನ ಷೇರುಗಳನ್ನು ತಾನೇ ಮಾರುಕಟ್ಟೆಯಿಂದ ಕೊಂಡು ರದ್ದುಪಡಿಸುತ್ತ ಬಂದಿರುವುದರಿಂದ ಆ ಒಂದು ವರ್ಷದಲ್ಲಿ ಷೇರುಗಳ ಸರಾಸರಿ ಸಂಖ್ಯೆ ಸುಮಾರು 1,585 ಕೋಟಿಯಿಂದ 1,546 ಕೋಟಿಗೆ ಇಳಿಯಿತು. ಲಾಭ ಶೇ 2ಕ್ಕಿಂತ ಸ್ವಲ್ಪ ಹೆಚ್ಚು ಇಳಿದರೆ, ಭಾಗಿಸುವ ಸಂಖ್ಯೆ ಅದಕ್ಕಿಂತ ಕೊಂಚ ಹೆಚ್ಚಾಗಿಯೇ ಇಳಿಯಿತು. ಹಾಗಾಗಿ ಉತ್ತರ ಒಂದು ಸೆಂಟ್‌ನಷ್ಟು ಮೇಲೆ ಹೋಯಿತು. ಷೇರು ಇಟ್ಟುಕೊಂಡವರಿಗೆ ಇದು ನಿಜವಾದ ಲಾಭವೇ, ಏಕೆಂದರೆ ಅವರ ಪಾಲು ದೊಡ್ಡದಾಗಿದೆ. ಆದರೆ ವ್ಯಾಪಾರ ಬೆಳೆಯಿತೇ ಎಂಬ ಪ್ರಶ್ನೆಗೆ ಈ ಅಂಕಿ ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಯನ್ನು ಕೇಳುವವರು ನಿವ್ವಳ ಲಾಭದ ಸಾಲನ್ನೂ ಅದಕ್ಕಿಂತ ಮೇಲಿನ ಸಾಲುಗಳನ್ನೂ ನೋಡಬೇಕು.

ಆ ಮೇಲಿನ ಸಾಲುಗಳಲ್ಲಿಯೇ ನನಗೆ ಹೆಚ್ಚು ಮುಖ್ಯವೆನಿಸುವ ಸಂಗತಿಯಿದೆ, ಮತ್ತು ನೀವು ಅದನ್ನು ಉಲ್ಲೇಖಿಸಿಲ್ಲ. ವರಮಾನದಿಂದ ಮಾರಿದ ಸರಕು ಮತ್ತು ಸೇವೆಗಳ ನೇರ ವೆಚ್ಚವನ್ನು ಕಳೆದರೆ ಉಳಿಯುವ ಒಟ್ಟು ಲಾಭವು ಹಿಂದಿನ ವರ್ಷ 4,198 ಕೋಟಿ ಡಾಲರ್ ಇತ್ತು. ಈ ಬಾರಿ 4,227 ಕೋಟಿ. ವರಮಾನ 400 ಕೋಟಿ ಡಾಲರ್‌ಗೂ ಹೆಚ್ಚು ಕಡಿಮೆಯಾಗಿದ್ದರೂ ಒಟ್ಟು ಲಾಭ ಕಡಿಮೆಯಾಗಲಿಲ್ಲ, ಬದಲಿಗೆ ಸ್ವಲ್ಪ ಹೆಚ್ಚಿತು. ಕಾರಣವನ್ನು ಹುಡುಕಲು ಸಾಧನಗಳನ್ನೂ ಸೇವೆಗಳನ್ನೂ ಬೇರೆಬೇರೆಯಾಗಿ ನೋಡಬೇಕು. ಸಾಧನಗಳ ವರಮಾನ 7,393 ಕೋಟಿಯಿಂದ 6,689 ಕೋಟಿಗೆ ಇಳಿದಿದೆ, ಅವುಗಳ ಮೇಲೆ ಉಳಿಯುವ ಪಾಲು ಶೇ 36.6. ಆ್ಯಪ್ ಸ್ಟೋರ್, ಐಕ್ಲೌಡ್, ಜಾಹೀರಾತು ಮುಂತಾದವು ಸೇರಿದ ಸೇವೆಗಳ ವರಮಾನ 2,091 ಕೋಟಿಯಿಂದ 2,387 ಕೋಟಿಗೆ ಏರಿದೆ, ಅಲ್ಲಿ ಉಳಿಯುವ ಪಾಲು ಶೇ 74.6. ಸೇವೆಗಳಲ್ಲಿ ಬಂದ ಒಂದು ಡಾಲರ್, ಸಾಧನಗಳಲ್ಲಿ ಹೋದ ಎರಡು ಡಾಲರ್‌ಗಳನ್ನು ಸರಿದೂಗಿಸುತ್ತದೆ. ವರಮಾನದ ಮೊತ್ತವನ್ನು ಮಾತ್ರ ನೋಡುವವರಿಗೆ ಈ ಬದಲಾವಣೆ ಕಾಣಿಸುವುದೇ ಇಲ್ಲ.

ಹಾಗಾದರೆ ನಿವ್ವಳ ಲಾಭ ಏಕೆ ಇಳಿಯಿತು? ಸಂಶೋಧನೆ, ಮಾರಾಟ ಮತ್ತು ಆಡಳಿತದ ವೆಚ್ಚ 1,366 ಕೋಟಿಯಿಂದ 1,437 ಕೋಟಿಗೆ ಹೆಚ್ಚಿತು. ಅದರಲ್ಲಿ ದೊಡ್ಡ ಪಾಲು ಸಂಶೋಧನೆಗೆ ಹೋದದ್ದು. ಫೋನ್ ಮಾರಾಟ ಕುಸಿದುದರಿಂದ ಲಾಭ ಇಳಿಯಿತೆಂಬ ಸರಳ ವಿವರಣೆ ಈ ತ್ರೈಮಾಸಿಕಕ್ಕೆ ಸರಿಹೊಂದುವುದಿಲ್ಲ.

ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಷೇರಿನ ಬೆಲೆ ಹಿಂದಿನ ವರ್ಷದೊಂದಿಗೆ ಹೋಲಿಸಿಕೊಳ್ಳುವುದಿಲ್ಲ, ನಿರೀಕ್ಷೆಯೊಂದಿಗೆ ಹೋಲಿಸಿಕೊಳ್ಳುತ್ತದೆ. ವಿಶ್ಲೇಷಕರು ಇದಕ್ಕಿಂತ ತುಸು ಕೆಟ್ಟ ಅಂಕಿಗಳನ್ನು ನಿರೀಕ್ಷಿಸಿದ್ದರು. ಜೊತೆಗೆ ಕಂಪನಿ ಅದೇ ದಿನ 11,000 ಕೋಟಿ ಡಾಲರ್ ಮೊತ್ತದ ಷೇರು ಮರುಖರೀದಿಗೆ ಅನುಮತಿ ಘೋಷಿಸಿತು.

ಉತ್ತರ 2

ಮೇಲಿನ ಉತ್ತರ ಲಾಭದ ಭಾಗವನ್ನು ಚೆನ್ನಾಗಿ ಬಿಡಿಸಿದೆ. ಜನರು ಶೇ 10ರಷ್ಟು ಕಡಿಮೆ ಫೋನ್ ಕೊಂಡರೇ ಎಂಬ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಲು ಬಯಸುತ್ತೇನೆ, ಏಕೆಂದರೆ ಹಲವು ವರ್ಷ ನಾನು ಮೊಬೈಲ್ ಫೋನ್‌ಗಳ ವಿತರಣಾ ಸಂಸ್ಥೆಯೊಂದರಲ್ಲಿ ದಾಸ್ತಾನಿನ ಜವಾಬ್ದಾರಿ ಹೊತ್ತಿದ್ದೆ.

ತಯಾರಕರ ಪುಸ್ತಕದಲ್ಲಿ ಮಾರಾಟವೆಂದು ದಾಖಲಾಗುವುದು ಸಾಮಾನ್ಯವಾಗಿ ಸರಕು ಅವರ ಕೈಬಿಟ್ಟು ವಿತರಕರಿಗೆ ಅಥವಾ ದೂರಸಂಪರ್ಕ ಕಂಪನಿಗೆ ಹೊರಟ ಕ್ಷಣದಲ್ಲಿ. ಕೊನೆಯ ಗ್ರಾಹಕ ಅಂಗಡಿಯಲ್ಲಿ ಹಣ ಕೊಟ್ಟು ಪೆಟ್ಟಿಗೆ ತೆಗೆದುಕೊಂಡು ಹೋಗುವುದು ವಾರಗಳ ನಂತರ ಇರಬಹುದು, ತಿಂಗಳುಗಳ ನಂತರವೂ ಇರಬಹುದು. ಆಪಲ್ ತನ್ನ ಸ್ವಂತ ಮಳಿಗೆಗಳಲ್ಲಿ ಮಾರುವ ಫೋನುಗಳಿಗೆ ಈ ಅಂತರವಿಲ್ಲ; ಉಳಿದವಕ್ಕೆ ಇದೆ. ಈ ಎರಡು ಘಟನೆಗಳ ನಡುವೆ ಇರುವುದೇ ನಾವು ನಿರ್ವಹಿಸುತ್ತಿದ್ದ ದಾಸ್ತಾನು. ನಾನು ಕೆಲಸ ಮಾಡುತ್ತಿದ್ದಾಗ ಒಬ್ಬ ತಯಾರಕರು ಪ್ರತಿ ತ್ರೈಮಾಸಿಕದ ಕೊನೆಯ ವಾರದಲ್ಲಿ ನಮಗೆ ಬೇಡದಷ್ಟು ಸರಕನ್ನು ರಿಯಾಯಿತಿಯ ಆಸೆ ತೋರಿಸಿ ಕಳುಹಿಸುತ್ತಿದ್ದರು. ಅವರ ಫಲಿತಾಂಶದಲ್ಲಿ ಅದು ಬೆಳವಣಿಗೆಯಾಗಿ ಕಾಣುತ್ತಿತ್ತು, ನಮ್ಮ ಗೋದಾಮಿನಲ್ಲಿ ಎರಡು ತಿಂಗಳು ಕದಲದ ಪೆಟ್ಟಿಗೆಗಳಾಗಿ ಕಾಣುತ್ತಿತ್ತು, ಮುಂದಿನ ತ್ರೈಮಾಸಿಕದಲ್ಲಿ ನಾವು ಆರ್ಡರ್ ಕೊಡದಿದ್ದಾಗ ಅದೇ ಇಳಿಕೆಯಾಗಿ ಹೊರಬರುತ್ತಿತ್ತು. ಗ್ರಾಹಕರ ಬೇಡಿಕೆ ಮಾತ್ರ ಆ ಆರು ತಿಂಗಳೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆ ಅನುಭವದ ನಂತರ ಯಾವ ಕಂಪನಿಯದೇ ಆಗಲಿ, ಒಂದೇ ತ್ರೈಮಾಸಿಕದ ಅಂಕಿಯನ್ನು ನೋಡಿ ಬೇಡಿಕೆಯ ಬಗ್ಗೆ ಮಾತನಾಡಲು ನನಗೆ ಧೈರ್ಯ ಬರುವುದಿಲ್ಲ.

ಈ ಅಂತರ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಬ್ಲ್ಯಾಕ್‌ಬೆರಿಯ 2013ರ ಆಗಸ್ಟ್ ಅಂತ್ಯದ ತ್ರೈಮಾಸಿಕವನ್ನು ನೋಡಿ. ಕಂಪನಿ ವರಮಾನವಾಗಿ ಲೆಕ್ಕ ಹಿಡಿದ ಫೋನುಗಳು ಸುಮಾರು 37 ಲಕ್ಷ. ಅದೇ ಅವಧಿಯಲ್ಲಿ ಗ್ರಾಹಕರ ಕೈಸೇರಿದವು ಸುಮಾರು 59 ಲಕ್ಷ. ಮೊದಲ ನೋಟಕ್ಕೆ ಇದು ಒಳ್ಳೆಯ ಸುದ್ದಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಗ್ರಾಹಕರು ಕೊಂಡುದರಲ್ಲಿ ಹಿಂದಿನ ತ್ರೈಮಾಸಿಕಗಳಲ್ಲಿಯೇ ರವಾನೆಯಾಗಿ ಲೆಕ್ಕಕ್ಕೆ ಸೇರಿದ್ದ ಫೋನುಗಳೂ ಇದ್ದವು, ಹೊಸದಾಗಿ ಕಳುಹಿಸಿದ ಕೆಲವು ಫೋನುಗಳನ್ನು ಅವು ಅಂತಿಮವಾಗಿ ಮಾರಾಟವಾಗುವವರೆಗೂ ವರಮಾನವೆಂದು ದಾಖಲಿಸಲು ಕಂಪನಿಗೇ ಸಾಧ್ಯವಾಗಲಿಲ್ಲ, ಮತ್ತು ಮುಖ್ಯವಾಗಿ ಝಡ್10 ಫೋನಿನ ದಾಸ್ತಾನಿಗಾಗಿ 93.4 ಕೋಟಿ ಡಾಲರ್ ನಷ್ಟ ಬರೆಯಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ಗಾಗಿ 90 ಕೋಟಿ ಡಾಲರ್ ಬರೆದುಹಾಕಿತ್ತು. ಮಾರಾಟವಾಗದ ಸರಕು ಒಂದು ದಿನ ಲೆಕ್ಕದಲ್ಲಿ ಬಂದೇ ಬರುತ್ತದೆ, ಆದರೆ ತಡವಾಗಿ.

ಈಗ ನಿಮ್ಮ ತ್ರೈಮಾಸಿಕಕ್ಕೆ ಬರುತ್ತೇನೆ. 2022ರ ನವೆಂಬರ್‌ನಲ್ಲಿ ಚೀನಾದ ಝೆಂಗ್‌ಝೌ ಕಾರ್ಖಾನೆಯಲ್ಲಿ ಕೋವಿಡ್ ನಿರ್ಬಂಧಗಳಿಂದ ಐಫೋನ್ 14 ಪ್ರೊ ಮಾದರಿಗಳ ತಯಾರಿಕೆ ಕುಂಠಿತವಾಯಿತು. ಆಗ ಸಿಗದ ಫೋನುಗಳನ್ನು ಜನರು 2023ರ ಆರಂಭದಲ್ಲಿ ಕೊಂಡರು, ಬರಿದಾಗಿದ್ದ ದಾಸ್ತಾನೂ ಆಗಲೇ ತುಂಬಿತು. ಇದರಿಂದ 2023ರ ಮಾರ್ಚ್ ತ್ರೈಮಾಸಿಕಕ್ಕೆ ಸುಮಾರು 500 ಕೋಟಿ ಡಾಲರ್ ಹೆಚ್ಚುವರಿಯಾಗಿ ಬಂದಿತ್ತೆಂದು ಕಂಪನಿಯೇ ಅಂದಾಜು ಹೇಳಿದೆ. ನೀವು ಹೋಲಿಸುತ್ತಿರುವ ಹಿಂದಿನ ವರ್ಷದ 5,133 ಕೋಟಿಯಲ್ಲಿ ಈ 500 ಕೋಟಿ ಸೇರಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಈ ಉತ್ತರಗಳನ್ನು ಓದಿದ ಮೇಲೆ ಎರಡು ಲೆಕ್ಕ ಮಾಡಿದೆ, ಸರಿಯಿದೆಯೇ ತಿಳಿಸಿ.

ಒಂದು, ಮಾರುಕಟ್ಟೆ ಸಂಶೋಧನೆ ನಡೆಸುವ ಐಡಿಸಿ ಸಂಸ್ಥೆಯ ಅಂದಾಜಿನಂತೆ 2024ರ ಮೊದಲ ಮೂರು ತಿಂಗಳಲ್ಲಿ ಆಪಲ್ ರವಾನಿಸಿದ ಫೋನುಗಳು ಸುಮಾರು 5.01 ಕೋಟಿ. 4,596 ಕೋಟಿ ಡಾಲರ್‌ಗಳನ್ನು ಅದರಿಂದ ಭಾಗಿಸಿದರೆ ಒಂದು ಫೋನಿಗೆ ಸರಾಸರಿ 917 ಡಾಲರ್ ಬರುತ್ತದೆ. ಎರಡು, ಹಿಂದಿನ ವರ್ಷದ ಅಂಕಿಯಿಂದ ಆ 500 ಕೋಟಿಯನ್ನು ಕಳೆದರೆ ಐಫೋನ್ ವರಮಾನ 4,633 ಕೋಟಿಯಾಗುತ್ತದೆ, ಆಗ ಇಳಿಕೆ ಶೇ 1ಕ್ಕಿಂತಲೂ ಕಡಿಮೆ. ಕಂಪನಿಯ ಒಟ್ಟು ವರಮಾನದಿಂದಲೂ ಅದನ್ನೇ ಕಳೆದರೆ ಇಳಿಕೆ ಹೋಗಿ ಶೇ 1ರಷ್ಟು ಏರಿಕೆಯೇ ಸಿಗುತ್ತದೆ. ಹಾಗಾದರೆ ಫೋನು ಮಾರಾಟ ಸ್ಥಿರವಾಗಿತ್ತು, ಕಂಪನಿ ಬೆಳೆಯಿತು ಎಂದು ಹೇಳಬಹುದಲ್ಲವೇ?

ಉತ್ತರ 3

ನಿಮ್ಮ ಮೊದಲ ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ. ಅಂಶವನ್ನು ಕಂಪನಿಯ ಪರಿಶೀಲಿತ ಪುಸ್ತಕದಿಂದಲೂ ಛೇದವನ್ನು ಹೊರಗಿನವರ ಅಂದಾಜಿನಿಂದಲೂ ತೆಗೆದುಕೊಂಡ ಭಾಗಲಬ್ಧದಲ್ಲಿ ಮೂರು ಅಂಕೆಗಳ ನಿಖರತೆ ಇರುವುದಿಲ್ಲ. ರವಾನೆಯ ಅಂದಾಜು ಅರ್ಧ ಶೇಕಡಾ ಹಿಂದುಮುಂದಾದರೂ ಸರಾಸರಿ ಬೆಲೆ ನಾಲ್ಕೈದು ಡಾಲರ್ ಕದಲುತ್ತದೆ; ಅಂದಾಜಿನ ತಪ್ಪು ಅದಕ್ಕಿಂತ ದೊಡ್ಡದಿರುವ ಸಾಧ್ಯತೆಯೇ ಹೆಚ್ಚು.

ಒಂದು ಕಾಲದಲ್ಲಿ ಆಪಲ್ ತಾನೇ ಫೋನುಗಳ ಸಂಖ್ಯೆಯನ್ನು ಕೊಡುತ್ತಿತ್ತು. 2018ರ ನವೆಂಬರ್ 1ರಂದು, ಮುಂದಿನ ತ್ರೈಮಾಸಿಕದಿಂದ ಕೊಡುವುದಿಲ್ಲವೆಂದು ಘೋಷಿಸಿತು. ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಅಂದು ಕೊಟ್ಟ ಕೊನೆಯ ಅಂಕಿಗಳು ಬಹಳ ಬೋಧಪ್ರದವಾಗಿವೆ: ಹಿಂದಿನ ವರ್ಷ 4.67 ಕೋಟಿ ಫೋನು, ಆ ವರ್ಷ 4.69 ಕೋಟಿ, ಅಂದರೆ ಬೆಳವಣಿಗೆ ಇಲ್ಲವೆನ್ನುವಷ್ಟು. ಆದರೆ ಫೋನುಗಳ ವರಮಾನ ಶೇ 29ರಷ್ಟು ಹೆಚ್ಚಿತ್ತು, ಏಕೆಂದರೆ ಸರಾಸರಿ ಬೆಲೆ 618 ಡಾಲರ್‌ನಿಂದ 793 ಡಾಲರ್‌ಗೆ ಏರಿತ್ತು. ಸಂಖ್ಯೆ ಮತ್ತು ವರಮಾನ ಎರಡೂ ಗೊತ್ತಿದ್ದುದರಿಂದಲೇ ಆ ಬೆಳವಣಿಗೆಯೆಲ್ಲ ಬೆಲೆಯಿಂದ ಬಂದದ್ದೆಂದು ಓದುಗರಿಗೆ ತಿಳಿಯಿತು. ಈಗ ನಮಗೆ ಗುಣಲಬ್ಧ ಮಾತ್ರ ಸಿಗುತ್ತದೆ, ಗುಣಿಸಿದ ಎರಡು ಸಂಖ್ಯೆಗಳು ಸಿಗುವುದಿಲ್ಲ. ಬದಲಿಗೆ ಕಂಪನಿಯು ಸಾಧನ ಮತ್ತು ಸೇವೆಗಳ ವೆಚ್ಚವನ್ನು ಬೇರೆಬೇರೆಯಾಗಿ ತೋರಿಸತೊಡಗಿತು, ಮೊದಲ ಉತ್ತರದಲ್ಲಿ ಬಳಸಿದ್ದು ಅದನ್ನೇ. ಅದು ಉಪಯುಕ್ತ ಮಾಹಿತಿ, ನಿಜ. ಆದರೂ ಸಂಖ್ಯೆಯನ್ನು ನಿಲ್ಲಿಸಿದ್ದು ಓದುಗರಿಗೆ ಆದ ನಷ್ಟವೆಂದೇ ನನ್ನ ಅಭಿಪ್ರಾಯ. ಎರಡು ತಿಂಗಳ ನಂತರ, 2019ರ ಜನವರಿ 2ರಂದು, 8,900ರಿಂದ 9,300 ಕೋಟಿ ಡಾಲರ್ ಎಂದಿದ್ದ ಕಂಪನಿಯ ವರಮಾನದ ಮುನ್ನಂದಾಜನ್ನು ಆಗ ಅದರ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಅವರು ಹೂಡಿಕೆದಾರರಿಗೆ ಪತ್ರ ಬರೆದು 8,400 ಕೋಟಿಗೆ ಇಳಿಸಿದಾಗ, ಎಷ್ಟು ಫೋನುಗಳು ಕಡಿಮೆಯಾದವೆಂದು ನೋಡಲು ಯಾರ ಬಳಿಯೂ ಅಧಿಕೃತ ಅಂಕಿ ಇರಲಿಲ್ಲ.

ವರಮಾನವೆಂಬ ಅಂಕಿಯೂ ಲೆಕ್ಕದ ನಿಯಮಕ್ಕೆ ಒಳಪಟ್ಟದ್ದು ಎಂಬುದನ್ನು ನೆನಪಿಡಿ. ಐಫೋನಿನ ಆರಂಭದ ವರ್ಷಗಳಲ್ಲಿ ಪ್ರತಿ ಫೋನಿನ ಹಣವನ್ನು ಎರಡು ವರ್ಷಗಳಿಗೆ ಹಂಚಿ ದಾಖಲಿಸಲಾಗುತ್ತಿತ್ತು. ಹಾಗಾಗಿ 2008ರ ಸೆಪ್ಟೆಂಬರ್ ತ್ರೈಮಾಸಿಕದ ಅಧಿಕೃತ ವರಮಾನ 790 ಕೋಟಿ ಡಾಲರ್ ಆಗಿದ್ದರೆ, ಆ ಹಂಚಿಕೆಯನ್ನು ಬದಿಗಿಟ್ಟು ಕಂಪನಿ ತೋರಿಸಿದ ಅಂಕಿ 1,168 ಕೋಟಿ. ಅದೇ ಅಂಗಡಿ, ಅದೇ ಗ್ರಾಹಕರು, ಅದೇ 69 ಲಕ್ಷ ಫೋನುಗಳು.

ಉತ್ತರ 2 ಬರೆದವರಿಂದ

ಎರಡನೆಯ ಲೆಕ್ಕದ ಬಗ್ಗೆ ನನ್ನದೊಂದು ಆಕ್ಷೇಪವಿದೆ. 500 ಕೋಟಿಯ ಮಾತನ್ನು ಎತ್ತಿದವನು ನಾನೇ ಆದ್ದರಿಂದ ಅದನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ.

2023ರ ಮಾರ್ಚ್ ತ್ರೈಮಾಸಿಕದಿಂದ 500 ಕೋಟಿಯನ್ನು ಕಳೆಯುವುದಾದರೆ, ಅದು ನಿಜವಾಗಿ ಸೇರಬೇಕಾಗಿದ್ದ 2022ರ ಡಿಸೆಂಬರ್ ತ್ರೈಮಾಸಿಕಕ್ಕೆ ಕೂಡಿಸಬೇಕಾಗುತ್ತದೆ. ಆ ತ್ರೈಮಾಸಿಕದ ವರಮಾನ 11,715 ಕೋಟಿ ಡಾಲರ್; ಕೂಡಿಸಿದರೆ 12,215 ಕೋಟಿ. ಅದರ ಮರುವರ್ಷದ ಡಿಸೆಂಬರ್ ತ್ರೈಮಾಸಿಕದಲ್ಲಿ 11,958 ಕೋಟಿ ಬಂದಿತ್ತು, ಶೇ 2ರಷ್ಟು ಬೆಳವಣಿಗೆಯೆಂದು ಅದನ್ನು ಪ್ರಕಟಿಸಲಾಗಿತ್ತು. ಈ ತಿದ್ದುಪಡಿಯ ನಂತರ ಅದು ಶೇ 2ರಷ್ಟು ಇಳಿಕೆಯಾಗುತ್ತದೆ. ಒಂದು ಕಡೆ ಅನುಕೂಲಕ್ಕೆ ತಕ್ಕಂತೆ ಕಳೆದು ಇನ್ನೊಂದು ಕಡೆ ಕೂಡಿಸದೆ ಬಿಟ್ಟರೆ ಎರಡೂ ತ್ರೈಮಾಸಿಕಗಳು ಬೆಳೆದಂತೆ ಕಾಣುತ್ತವೆ, ಆ ಹಣ ಮಾತ್ರ ಎಲ್ಲಿಯೂ ಇಲ್ಲದಂತಾಗುತ್ತದೆ.

ಉತ್ತರ 1 ಬರೆದವರಿಂದ

ಈ ಆಕ್ಷೇಪ ಸರಿಯಾಗಿದೆ. ಅದಕ್ಕೆ ಇನ್ನೊಂದು ತೊಡಕನ್ನು ಸೇರಿಸಬೇಕು. ಆಪಲ್‌ನ ಹಣಕಾಸು ವರ್ಷ ಸೆಪ್ಟೆಂಬರ್‌ನ ಕೊನೆಯ ಶನಿವಾರ ಮುಗಿಯುತ್ತದೆ. ಪ್ರತಿ ತ್ರೈಮಾಸಿಕಕ್ಕೆ 13 ವಾರ; ಆದರೆ 52 ವಾರಗಳಲ್ಲಿ ವರ್ಷ ಪೂರ್ತಿ ತುಂಬದ ಕಾರಣ ಐದಾರು ವರ್ಷಗಳಿಗೊಮ್ಮೆ ಡಿಸೆಂಬರ್ ತ್ರೈಮಾಸಿಕಕ್ಕೆ 14ನೆಯ ವಾರ ಸೇರುತ್ತದೆ. 2022ರ ಡಿಸೆಂಬರ್ ತ್ರೈಮಾಸಿಕ ಅಂಥದ್ದು. ಅದಕ್ಕೆ ಹನ್ನೊಂದು ವರ್ಷಗಳ ಹಿಂದೆಯೂ ಇದೇ ಗೊಂದಲ ಉಂಟಾಗಿತ್ತು: 2011ರ ಡಿಸೆಂಬರ್ ತ್ರೈಮಾಸಿಕಕ್ಕೆ 14 ವಾರಗಳಿದ್ದವು, ಮರುವರ್ಷದ್ದಕ್ಕೆ 13. ವರಮಾನ 4,633 ಕೋಟಿಯಿಂದ 5,451 ಕೋಟಿಗೆ, ಅಂದರೆ ಶೇ 18ರಷ್ಟು ಹೆಚ್ಚಿತೆಂದು ಹಲವರು ಬರೆದರು. ವಾರಕ್ಕೆ ಹಂಚಿ ನೋಡಿದ್ದರೆ ಏರಿಕೆ ಶೇ 27ರಷ್ಟಿತ್ತು. ಆಗ ಲಾಭ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿದ್ದುದರಿಂದ ಷೇರು ಒಂದೇ ದಿನದಲ್ಲಿ ಸುಮಾರು ಶೇ 12ರಷ್ಟು ಬಿದ್ದದ್ದು ಬೇರೆ ವಿಷಯ.

ಆದ್ದರಿಂದ ನಾನು ಸೂಚಿಸುವ ದಾರಿ ಹೀಗಿದೆ. 500 ಕೋಟಿಯನ್ನು ಎಲ್ಲಿಂದ ಎಲ್ಲಿಗೆ ಸರಿಸಬೇಕೆಂಬ ಚರ್ಚೆಯನ್ನೇ ಬಿಟ್ಟು, ಡಿಸೆಂಬರ್ ಮತ್ತು ಮಾರ್ಚ್ ತ್ರೈಮಾಸಿಕಗಳನ್ನು ಜೊತೆಗೂಡಿಸಿ ಅರ್ಧ ವರ್ಷವಾಗಿ ನೋಡೋಣ. ತಡವಾಗಿ ಸಿಕ್ಕಿದ ಫೋನುಗಳು ಆ ಅರ್ಧ ವರ್ಷದ ಒಳಗೇ ಇರುತ್ತವೆ. ಮೊದಲ ವರ್ಷ 11,715 ಮತ್ತು 9,484 ಸೇರಿ 21,199 ಕೋಟಿ ಡಾಲರ್, 27 ವಾರಗಳಲ್ಲಿ. ಎರಡನೆಯ ವರ್ಷ 11,958 ಮತ್ತು 9,075 ಸೇರಿ 21,033 ಕೋಟಿ, 26 ವಾರಗಳಲ್ಲಿ. ಒಟ್ಟು ಮೊತ್ತ ಶೇ 1ರಷ್ಟೂ ಇಳಿದಿಲ್ಲ. ವಾರದ ಸರಾಸರಿಯಾದರೋ 785 ಕೋಟಿಯಿಂದ 809 ಕೋಟಿಗೆ, ಅಂದರೆ ಶೇ 3ರಷ್ಟು ಏರಿದೆ.

ಈ ವಿಧಾನಕ್ಕೂ ಮಿತಿಗಳಿವೆ. ಹೆಚ್ಚುವರಿ ವಾರ ಬಿದ್ದದ್ದು 2022ರ ಸೆಪ್ಟೆಂಬರ್‌ನ ಕೊನೆಯಲ್ಲಿ, ಹೊಸ ಫೋನು ಮಾರುಕಟ್ಟೆಗೆ ಬಂದ ಬೆನ್ನಲ್ಲೇ. ಅದು ಸಾಧಾರಣ ವಾರವಾಗಿರಲಿಲ್ಲ. ಅಲ್ಲದೆ ಡಾಲರ್ ಬಲಗೊಂಡಿದ್ದ ಕಾರಣ 2022ರ ಡಿಸೆಂಬರ್ ತ್ರೈಮಾಸಿಕದ ಬೆಳವಣಿಗೆ ದರದಲ್ಲಿ ಸುಮಾರು 8 ಶೇಕಡಾ ಅಂಶಗಳು ಕರಗಿದ್ದವೆಂದು ಕಂಪನಿ ಹೇಳಿತ್ತು, ಅಂದರೆ ನಾವು ಹೋಲಿಸುತ್ತಿರುವ ಆಧಾರವೇ ತಗ್ಗಿತ್ತು. ಹಾಗಿದ್ದರೂ ಒಂದೇ ತ್ರೈಮಾಸಿಕದ ಶೇ 4ರ ಇಳಿಕೆಗಿಂತ ಇದು ಹೆಚ್ಚು ವಿಶ್ವಾಸಾರ್ಹವೆಂದು ನನ್ನ ಅಭಿಪ್ರಾಯ.

ನಿಮ್ಮ ಕೊನೆಯ ವಾಕ್ಯ, ಕಂಪನಿ ಬೆಳೆಯಿತು ಎಂಬುದು, ಈಗಲೂ ಪೂರ್ತಿ ಸರಿಯಲ್ಲ. ಅದೇ ವಾರದ ಸರಾಸರಿಯನ್ನು ಸಾಧನಗಳಿಗೂ ಸೇವೆಗಳಿಗೂ ಪ್ರತ್ಯೇಕವಾಗಿ ಮಾಡಿ ನೋಡಿದೆ. ಫೋನು, ಕಂಪ್ಯೂಟರ್, ಟ್ಯಾಬ್ಲೆಟ್, ಗಡಿಯಾರ ಎಲ್ಲವೂ ಸೇರಿ ಮೊದಲ ವರ್ಷ ವಾರಕ್ಕೆ 631 ಕೋಟಿ ಡಾಲರ್, ಎರಡನೆಯ ವರ್ಷ 628 ಕೋಟಿ. ಸೇವೆಗಳು 154 ಕೋಟಿಯಿಂದ 181 ಕೋಟಿಗೆ. ಬೆಳವಣಿಗೆಯೆಲ್ಲ ಸೇವೆಗಳದ್ದೇ. ಆ ಸೇವೆಗಳ ಸಾಲಿನಲ್ಲಿ, ಆಪಲ್‌ನ ಬ್ರೌಸರ್ ಆದ ಸಫಾರಿಯಲ್ಲಿ ತನ್ನ ಶೋಧವನ್ನು ಪೂರ್ವನಿಯೋಜಿತವಾಗಿ ಇಡಲು ಗೂಗಲ್ ಕೊಡುವ ಹಣವೂ ಇದೆ. 2022ರಲ್ಲಿ ಅದು 2,000 ಕೋಟಿ ಡಾಲರ್ ಆಗಿತ್ತೆಂದು ಅಮೆರಿಕದ ನ್ಯಾಯಾಂಗ ಇಲಾಖೆಯು ಗೂಗಲ್ ವಿರುದ್ಧ ಹೂಡಿದ ಮೊಕದ್ದಮೆಯ ದಾಖಲೆಗಳಿಂದ ಹೊರಬಿತ್ತು. ಮುಂದಿನ ಫಲಿತಾಂಶವನ್ನು ತೆರೆದಾಗ ನೀವು ಮೊದಲು ನೋಡಬೇಕಾದ ಸಾಲು ಐಫೋನ್‌ನದಲ್ಲ, ಇದು.